ಸಣ್ಣ ಮಾವ ಅರ್ಧ ನೋಡಿದ ಸಿನಿಮಾ

ಸಿನಿಮಾಕ್ಕೆ ಹೋಗಲು ಟಿಕೆಟ್ ಇದ್ದರೆ ಸಾಕು ಎಂದುಕೊಂಡವರು ನನ್ನ ಸಣ್ಣ ಮಾವನ ಜೊತೆ ಒಮ್ಮೆ ಹೋಗಿ ಬರಬೇಕು. ದಪ್ಪ ಚರ್ಮವೂ ಬೇಕೆಂದು ತಿಳಿಯುತ್ತದೆ! ನನ್ನ ತಾಯಿಯ ಕೊನೆಯ ತಮ್ಮನಾದ ಈ ನಿಡೋಣಿಯ ರೈತ, ಪರದೆಯ ಮೇಲಿನವರನ್ನು ಪಕ್ಕದ ಹೊಲದವರೆಂದೇ ತಿಳಿದಿದ್ದಾನೆ. ಖಳನಾಯಕ ಬಾಗಿಲ ಹಿಂದೆ ನಿಂತರೆ, "ಏ ತಂಗಿ, ಒಳಗ ಹೋಗಬ್ಯಾಡ!" ಎಂದು ನಾಯಕಿಗೆ ಕೂಗುತ್ತಾನೆ. ಆಕೆ ಹೋದಳೆನ್ನಿ, ಸಿಟ್ಟು ನನ್ನ ಮೇಲೆ! ನಾನೇನು ಆಕೆಯ ಅಣ್ಣನೇ?

ಸಿಟ್ಟೆಂದರೆ ಇವನದೇ. ನಿಡೋಣಿಯ ಹತ್ತಿರದ ಬಬಲೇಶ್ವರದಲ್ಲಿರುವ ಇವನ ಅಣ್ಣ, ಅಂದರೆ ನನ್ನ ದೊಡ್ಡ ಮಾವ, ಇವನು ಮೇಯಿಸಿ ಬೆಳೆಸಿದ ಜೋಡೆತ್ತುಗಳನ್ನು ಇವನಿಗೆ ಹೇಳದೆ ಮಾರಿಬಿಟ್ಟ. ಅಂದಿನಿಂದ ಮಾತು ಬಂದ್. ಮಾತಷ್ಟೇ ಅಲ್ಲ, ಬಬಲೇಶ್ವರದ ಸಂತೆಯೂ ಬಂದ್! ದನಕ್ಕೆ ಒಂದು ಹಗ್ಗ ಬೇಕೆಂದರೂ ವಿಜಯಪುರದ ಗಾಂಧಿ ಚೌಕಕ್ಕೆ ಬಂದು, ನಮ್ಮ ಮನೆಯಲ್ಲಿ ಉಂಡು ಹೋಗುತ್ತಾನೆ. ಹೋದ ವರ್ಷ ದೊಡ್ಡ ಮಾವನ ಒಬ್ಬನೇ ಮಗ ತೀರಿಕೊಂಡಾಗಲೂ ಮಣ್ಣಿಗೆ ಹೋಗಲಿಲ್ಲ. "ನನ್ನ ಎತ್ತು ಹ್ವಾದಾಗ ಅಂವ ಬಂದಿದ್ದನೇನ?" ಎಂದ. ಇಂಥವನ ಜೊತೆ ವಾದ ಮಾಡುವುದುಂಟೇ?

ಮೊನ್ನೆ ಹಗ್ಗಕ್ಕೆಂದು ಬಂದವನನ್ನು ಮಧ್ಯಾಹ್ನದ ಆಟಕ್ಕೆ ಕರೆದೊಯ್ದೆ. ಪೋಸ್ಟರಿನಲ್ಲಿ ಎಲ್ಲರೂ ನಗುತ್ತಿದ್ದರು; ನನಗೇನು ಗೊತ್ತು? ಸಿನಿಮಾದಲ್ಲೂ ಒಬ್ಬ ಅಣ್ಣ ತಮ್ಮನಿಗೆ ಮೋಸ ಮಾಡಿ ಮನೆ ಮಾರಿದ. ಮಾವ ಚಪ್ಪಲಿ ಕೈಗೆತ್ತಿಕೊಂಡ. "ನಮ್ಮಣ್ಣನ ತಳಿ ಐತಿ ನೋಡಲೇ ಇದು!" ಅಲ್ಲ, ಇವನೂ ಅದೇ ತಳಿಯಲ್ಲವೇ? ನಾನು ಚಪ್ಪಲಿ ಕಸಿದುಕೊಂಡೆ.

ಇಂಟರ್‌ವಲ್ ಹತ್ತಿರ ಆ ಮೋಸಗಾರನ ಮಗ ಸತ್ತ. ತಂದೆ ಒಬ್ಬನೇ ಆರಿದ ಒಲೆಯ ಮುಂದೆ ಕುಳಿತ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಂಧುಗಳೇ ಬುತ್ತಿ ಕಟ್ಟಿಕೊಂಡು ಹೋಗಿ ಉಣ್ಣಿಸುತ್ತಾರೆ. ಪರದೆಯ ಮೇಲೆ ಯಾರೂ ಬರಲಿಲ್ಲ. ಮಾವ ಎದ್ದು ನಿಂತ.

"ಯಾರರ ಅವಂಗ ಬುತ್ತಿ ಒಯ್ರೋ! ಎಲ್ಲಿ ಹಾಳಾಗಿ ಹೋಗ್ಯಾನ ಅವನ ತಮ್ಮ?"

"ಯಪ್ಪಾ, ಕುಂದರ್ರಿ!" ಎಂದರು ಹಿಂದಿನವರು. ಮಾವ ಕೂರಲಿಲ್ಲ. ಬರಿಗಾಲಲ್ಲೇ ಹೊರಗೆ ನಡೆದುಬಿಟ್ಟ. ನಾನು ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿದೆ.

ಮನೆಗೆ ಬಂದವನೇ ನನ್ನ ಹೆಂಡತಿಗೆ, "ರೊಟ್ಟಿ ಬಡಿಯವ್ವಾ, ಬುತ್ತಿ ಕಟ್ಟು. ಸತ್ತವರ ಮನಿಗೆ ಹೋಗಬೇಕು," ಎಂದ.

ಆಕೆ ಗಾಬರಿಯಾದಳು. "ಯಾರ್ರೀ? ಯಾವಾಗ ತೀರ್ಕೊಂಡ್ರು?"

"ನಮ್ಮಣ್ಣನ ಮಗ. ಹ್ವಾದ ವರ್ಷ."

ಮಾವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಬಲೇಶ್ವರಕ್ಕೆ ಹೊರಟೆ. ದಾರಿಯುದ್ದಕ್ಕೂ ಬುತ್ತಿಯ ಗಂಟು ನನ್ನ ಬೆನ್ನಿಗೆ ಬಿಸಿಯಾಗಿ ತಾಗುತ್ತಿತ್ತು.

ದೊಡ್ಡ ಮಾವನ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ವರ್ಷ ಕಳೆದ ಮೇಲೆ ಇನ್ನೆಲ್ಲಿಯ ಬುತ್ತಿ? ನನಗೇ ನಾಚಿಕೆಯಾಯಿತು. ಸಣ್ಣ ಮಾವ ಗಂಟು ಹಿಡಿದು ಹೊಸ್ತಿಲ ಹೊರಗೇ ನಿಂತ. ದೊಡ್ಡ ಮಾವ ಗಂಟು ನೋಡಿದ, ತಮ್ಮನ ಮುಖ ನೋಡಿದ.

ಆಮೇಲೆ ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದ:

"ಒಲಿ ಆರಸು. ತಮ್ಮ ಬುತ್ತಿ ತಂದಾನ."