ಆರಿಂಚಿನ ಬಿಟ್ ಮತ್ತು ಮಾವನ ಸ್ನಾನ

ಕೆಲಸ ಮಾಡುವುದಕ್ಕಿಂತ ಆ ಕೆಲಸಕ್ಕೆ ಬೇಕಾದ ಸಾಮಾನು ಆರಿಸುವುದರಲ್ಲೇ ನನಗೆ ಹೆಚ್ಚು ಸುಖ. ಇದನ್ನು ನಾನಾಗಿ ಯಾರ ಮುಂದೆಯೂ ಹೇಳಿಕೊಂಡಿಲ್ಲ. ಹೇಳುವ ಅಗತ್ಯವೂ ಬಿದ್ದಿಲ್ಲ, ಏಕೆಂದರೆ ನನ್ನ ಹೆಂಡತಿ ಸಾವಿತ್ರಿ ದೇವನಹಳ್ಳಿಗೆಲ್ಲ ಹೇಳಿದ್ದಾಳೆ. ಒಂದು ಮೊಳೆ ಹೊಡೆಯಬೇಕಾದರೆ ನಾನು ಮೊದಲು ಸುತ್ತಿಗೆಗಳ ಬಗ್ಗೆ ಓದುತ್ತೇನೆ, ಆಮೇಲೆ ಗೋಡೆಗಳ ಬಗ್ಗೆ. ಅಷ್ಟರಲ್ಲಿ ಅವಳು ರುಬ್ಬುಗುಂಡಿನಿಂದ ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕಿರುತ್ತಾಳೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು ನಾನು. ಯೋಚಿಸದೆ ಕೈಹಾಕುವುದು ನನ್ನ ಜಾಯಮಾನಕ್ಕೆ ಒಗ್ಗದು.

ಹೋದ ವರ್ಷ ದಸರಾಕ್ಕೆ ಇನ್ನೂ ಮೂರು ವಾರ ಇರುವಾಗ ನಮ್ಮ ಬಚ್ಚಲುಮನೆ ಬಾಗಿಲಿನ ಹಿಡಿ ಅಲುಗಾಡತೊಡಗಿತು. ಅಂಗಡಿಯಲ್ಲಿ ನಾನೇ ನಾಲ್ಕು ಭಾನುವಾರ ಓಡಾಡಿ ಆರಿಸಿದ್ದ ಹಿಡಿ ಅದು. ನೋಡಲು ಬಲು ಚೆಂದ, ಆದರೆ ಹೊರಗಿನ ಹಿಡಿಯನ್ನು ಬಿಗಿಮಾಡುವ ಸ್ಕ್ರೂ ಒಂದು ಕಿರಿದಾದ ತೂತಿನ ಆಳದಲ್ಲಿ ಅವಿತು ಕುಳಿತಿತ್ತು. ಸ್ಕ್ರೂ ತಿರುಗಿಸುವ ನನ್ನ ಬ್ಯಾಟರಿ ಡ್ರೈವರಿನ ಮೂತಿಗೆ ಸಿಕ್ಕಿಸುವ ಬಿಟ್‌ಗಳೆಲ್ಲ ಬೆರಳ ಗೆಣ್ಣಿನಷ್ಟು ಗಿಡ್ಡ. "ಬಡಗೀನ ಕರೆಸಿದ್ರೆ ಎರಡು ನಿಮಿಷದ ಕೆಲಸ ಕಣ್ರೀ" ಎಂದಳು ಸಾವಿತ್ರಿ. ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ನನಗೆ ಯಾವತ್ತೂ ರುಚಿಸಿಲ್ಲ. ಉದ್ದನೆಯ ಬಿಟ್ ಆರಿಸಲು ಕೂತೆ.

ಪೊರಕೆ ಕಡ್ಡಿಯೊಂದನ್ನು ತೂತಿನೊಳಗೆ ಬಿಟ್ಟು ಆಳ ಅಳೆದು, ಅರಿಶಿನದಿಂದ ಗುರುತು ಹಾಕಿಕೊಂಡು, ಕಡ್ಡಿಯನ್ನು ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು ಹಾರ್ಡ್‌ವೇರ್ ಅಂಗಡಿಗೆ ದಿನಾ ಸಂಜೆ ಹೋಗತೊಡಗಿದೆ. "ಮಿಷನ್‌ಗಾ ಸಾರ್, ಕೈಯಲ್ಲಿ ತಿರುಗ್ಸೋದಕ್ಕಾ?" ಎಂದರು ಅಂಗಡಿಯವರು. ಎರಡಕ್ಕೂ ಒದಗಬೇಕು ಎಂದೆ. ಗಿಡ್ಡದಾದರೆ ತಲುಪುವುದಿಲ್ಲ, ಉದ್ದವಾದರೆ ಮಿಷನ್ ತಿರುಗಿದಾಗ ತುದಿ ಓಲಾಡುತ್ತದೆ, ತೆಳ್ಳಗಿದ್ದರೆ ತಿರುಚಿಕೊಳ್ಳುತ್ತದೆ, ದಪ್ಪವಿದ್ದರೆ ತೂತಿಗೇ ಹೋಗುವುದಿಲ್ಲ, ತುದಿಯಲ್ಲಿ ಅಯಸ್ಕಾಂತ ಇದ್ದರೆ ಸ್ಕ್ರೂ ಕೆಳಗೆ ಬೀಳುವುದಿಲ್ಲ ಎಂದು ನಾನು ಒಂದು ಪೀರಿಯಡ್ ಪೂರ್ತಿ ಪಾಠ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, ಕೊನೆಗೆ ಮೆತ್ತಗೆ, "ಅದೆಲ್ಲಾ ಸರಿ ಸಾರ್, ಸ್ಕ್ರೂ ತಲೆ ಪ್ಲಸ್ಸಾ ಮೈನಸ್ಸಾ?" ಎಂದರು. ನನಗೆ ನಗು ಬಂತು. "ಈ ಕಾಲ್ದಲ್ಲಿ ಮೈನಸ್ ಯಾರ್ ಹಾಕ್ತಾರೆ ಸ್ವಾಮಿ! ಪ್ಲಸ್ಸೇ ಕೊಡಿ" ಎಂದು, ಎರಡು ಇಂಚಿನಿಂದ ಹನ್ನೆರಡು ಇಂಚಿನವರೆಗೆ ಆರು ಉದ್ದದ ಆರು ಬಿಟ್ ತಂದೆ. ಯಾವುದು ಒಳ್ಳೆಯದೆಂದು ಮನೆಯಲ್ಲಿ ನಿಧಾನವಾಗಿ ಆರಿಸಿದರಾಯಿತು ಎಂದುಕೊಂಡೆ.

"ನಾಡಿದ್ದೇ ಆಯುಧಪೂಜೆ. ಹೊಸಾವು, ಪೂಜೆ ಆಗ್ದೆ ಮುಟ್ಬೇಡಿ" ಎಂದು ಸಾವಿತ್ರಿ ಕಸಿದಿಟ್ಟುಕೊಂಡಳು. ಹಬ್ಬದ ದಿನ ಬೆಳಿಗ್ಗೆ ತಟ್ಟೆಯಲ್ಲಿ ಆರೂ ಬಿಟ್‌ಗಳು ಎತ್ತರದ ಪ್ರಕಾರ ಮಲಗಿದವು. ಒಂದೊಂದಕ್ಕೂ ವಿಭೂತಿ, ಕುಂಕುಮ, ಒಂದೊಂದು ಸೇವಂತಿಗೆ. ಪಕ್ಕದಲ್ಲಿ ಡ್ರೈವರು, ಸುತ್ತಿಗೆ, ಈಳಿಗೆಮಣೆ, ಚಾಕು. ಪೂಜೆಗೆ ಇಟ್ಟದ್ದನ್ನು ಮಾರನೆಯ ಬೆಳಿಗ್ಗೆ ಕದಲಿಸುವ ತನಕ ಮುಟ್ಟುವ ಹಾಗಿಲ್ಲ. ಸಾವಿತ್ರಿ ಅವತ್ತು ಹುರುಳಿಕಾಯಿಯನ್ನು ಕೈಯಲ್ಲೇ ಮುರಿದು ಸಾಂಬಾರು ಮಾಡಿದ್ದಳು.

ಹನ್ನೊಂದು ಗಂಟೆಗೆ ನನ್ನ ಮಾವ, ಅಂದರೆ ಸಾವಿತ್ರಿಯ ತಂದೆ, ಕುಂದಾಣದಿಂದ ಬಸ್ಸಿನಲ್ಲಿ ಬಂದರು. ನನ್ನ ಸ್ಕೂಟರಿಗೆ ಬೂದುಗುಂಬಳ ಒಡೆಯುವ ಹಿರಿಯರು ಅವರೇ; ಅವರು ಒಡೆದ ಮೇಲೆಯೇ ಎಲ್ಲರ ಊಟ. ಸ್ನಾನ ಮಾಡಿ ಬರುತ್ತೇನೆ ಎಂದು ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಕೇಳಿತು: "ಅಳಿಯಂದ್ರೇ, ಹಿಡಿ ಸುಮ್ಕೆ ತಿರುಗ್ತಾ ಐತೆ, ಬಾಗ್ಲು ಬರ್ತಾ ಇಲ್ಲ." ಹೊರಗಿನಿಂದ ನಾನು ತಿರುಗಿಸಿದೆ. ಹೊರಗಿನದೂ ಸುಮ್ಮನೆ ತಿರುಗಿತು. ಮದುವೆಯಾಗಿ ಹದಿನಾರು ವರ್ಷಕ್ಕೆ ಮಾವ ನನ್ನ ಕೈಗೆ ಒಪ್ಪಿಸಿದ ಮೊದಲ ಕಷ್ಟ ಇದು. ಇದರಲ್ಲಿ ಸೋತರೆ ಕುಂದಾಣದಲ್ಲಿ ತಲೆಯೆತ್ತಿ ತಿರುಗುವಂತಿಲ್ಲ.

ಎದುರುಮನೆಯ ಮೆಕ್ಯಾನಿಕ್ ಮುನಿರಾಜು ಹತ್ತಿರ ಓಡಿದೆ. "ಅಯ್ಯೋ ಸಾರ್, ಎಲ್ಲಾ ಪೂಜೆಗೆ ಇಟ್ಬಿಟ್ಟಿದ್ದೀವಿ! ನಾಳೆ ಬೆಳಿಗ್ಗೆ ಕದಲ್ಸಿದ್ಮೇಲೆ ಎಷ್ಟ್ ಬೇಕೋ ತಗೊಂಡೋಗಿ" ಎಂದ. ಬಡಗಿಗೆ ಫೋನು ಮಾಡಿದರೆ ಅವನೂ ಅದನ್ನೇ ಹೇಳಿ, ಹಬ್ಬದ ಶುಭಾಶಯ ಕೋರಿ ಇಟ್ಟ. ಇಡೀ ಊರಿನಲ್ಲಿ ಅವತ್ತು ಒಂದೇ ಒಂದು ಸ್ಕ್ರೂ ತಿರುಗುವಂತಿರಲಿಲ್ಲ.

"ಅಪ್ಪಾ, ನಮ್ದನ್ನೇ ಕದಲಿಸ್ಬಿಡ್ಲಾ?" ಎಂದು ಸಾವಿತ್ರಿ ಬಾಗಿಲಿಗೆ ಬಾಯಿಟ್ಟು ಕೇಳಿದಳು. "ಬ್ಯಾಡ ಕಣಮ್ಮ, ಬಕೀಟು ಬೋರಲಾಕ್ಕೊಂಡು ಕೂತಿವ್ನಿ. ನಂಗೇನ್ ಅವಸರ?" ಎಂದರು. ಬಾಗಿಲ ಕೆಳಗಿನ ಸಂದಿಯಲ್ಲಿ ಪೇಪರಿನ ಮೇಲೆ ಕಡ್ಲೆಪುರಿ ಹರಡಿ ಒಳಗೆ ತಳ್ಳಿದೆವು. ಕುರುಕುರು ಸದ್ದು ಕೇಳಿತು. ಖಾಲಿ ಪೇಪರ್ ವಾಪಸು ಬಂತು. ಮೂರನೆಯ ಸಲ ಪೇಪರ್ ಬಂದಾಗ ಸಾವಿತ್ರಿಯ ಕಣ್ಣು ತುಂಬಿತು. ದೇವರ ಮುಂದೆ ಕರ್ಪೂರ ಹಚ್ಚಿ, ಕೆನ್ನೆ ಕೆನ್ನೆ ಬಡಿದುಕೊಂಡು, ನನ್ನ ಕಡೆ ತಿರುಗಿ, "ಮಿಷನ್ನು, ಜತೆಗೆ ಒಂದೇ ಒಂದು ಬಿಟ್. ಅಷ್ಟಕ್ಕೇ ದೇವರ ಅಪ್ಪಣೆ ಕೇಳಿದ್ದೀನಿ. ಯಾವುದು ಅಂತ ಬೇಗ ಆರಿಸಿ" ಎಂದಳು.

ನೋಡಿ, ಇಂಥ ಗಳಿಗೆಗಾಗಿಯೇ ನಾನು ಮೂರು ವಾರ ತಯಾರಾಗಿದ್ದೆ. ಜೇಬಿನಿಂದ ಪೊರಕೆ ಕಡ್ಡಿ ತೆಗೆದೆ. ನಾಲ್ಕಿಂಚು ಕೈಗೆತ್ತಿಕೊಳ್ಳಹೋಗಿ ಬಿಟ್ಟೆ. ಹನ್ನೆರಡನ್ನು ದೂರದಿಂದಲೇ ನೋಡಿ ನಮಸ್ಕರಿಸಿದೆ. "ರೀ, ಅಪ್ಪ ಒಳಗಿದಾರೆ!" ಎಂದು ಸಾವಿತ್ರಿ ಕಿರುಚಿದ ಮೇಲೆ ಆರಿಂಚಿನದನ್ನು ಎತ್ತಿ, ಕುಂಕುಮ ಒರೆಸಿ, ಡ್ರೈವರಿಗೆ ಸಿಕ್ಕಿಸಿ, ತೂತಿನೊಳಗೆ ಬಿಟ್ಟೆ. ಎಂಥ ಅಳತೆ ಅಂತೀರಿ! ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಗುಂಡಿ ಒತ್ತಿದೆ. ಗರ್ರ್ ಎಂದು ಬಿಟ್ ತಿರುಗಿತು, ಸೇವಂತಿಗೆಯ ಎಸಳುಗಳು ಹಾರಿದವು, ಸ್ಕ್ರೂ ಮಾತ್ರ ಮಿಸುಕಲಿಲ್ಲ. ಮೊಬೈಲಿನ ಬೆಳಕು ಬಿಟ್ಟು, ಮೂರು ವಾರದಲ್ಲಿ ಮೊದಲ ಬಾರಿಗೆ, ತೂತಿನೊಳಗೆ ಇಣುಕಿದೆ. ಸ್ಕ್ರೂವಿನ ನೆತ್ತಿಯ ಮೇಲೆ ಒಂದೇ ಒಂದು ಅಡ್ಡಗೆರೆ ಇತ್ತು.

"ಏನಾಯ್ತು ಅಳಿಯಂದ್ರೇ?"

"ಮಾವ, ಇದು... ಮೈನಸ್ಸು."

"ನಿಮ್ತಾವ ಮೈನಸ್ ಇಲ್ವಾ?"

"ಇಲ್ಲ ಮಾವ. ಆರೂ ಪ್ಲಸ್ಸೇ."

ಮಾವ ಒಳಗಿನಿಂದ ಬಹಳ ಸಂಕೋಚದಿಂದ ಕೇಳಿದರು: "ಅಂಗಾದ್ರೆ... ನಾನು ಬಂದ್ಬಿಡ್ಲಾ?"

ಕಿರ್ ಕಿರ್ ಎಂದು ಏನೋ ತಿರುಗಿಸಿದ ಸದ್ದು. ಒಳಗಿನ ಹಿಡಿ ಕಳಚಿ ಕೆಳಗೆ ಬಿತ್ತು, ಅಗುಳಿ ಸರಿಯಿತು, ಬಾಗಿಲು ತೆರೆಯಿತು. ಸೊಂಟಕ್ಕೆ ಟವೆಲು ಸುತ್ತಿಕೊಂಡ ಮಾವ ನಿಂತಿದ್ದರು. ಅವರು ಸದಾ ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡಿರುವ, ಕಾಲಿನ ಮುಳ್ಳು ತೆಗೆಯುವ ಚಿಮಟ ಕೈಯಲ್ಲಿತ್ತು. ಒಳಗಡೆಯ ಸ್ಕ್ರೂಗಳು ಮೇಲೆಯೇ ಕಾಣುವಂತಿದ್ದವಂತೆ. ಚಿಮಟದ ತುದಿ ಸರಿಯಾಗಿ ಕೂತಿತಂತೆ.

"ಅಯ್ಯೋ ಅಪ್ಪಾ, ಮೊದ್ಲೇ ತೆಗೀಬಾರ್ದಾಗಿತ್ತಾ!" ಎಂದಳು ಸಾವಿತ್ರಿ.

"ಅಲ್ಲಮ್ಮ, ಅಳಿಯಂದ್ರು ಮೂರು ವಾರದಿಂದ ಆರ್ಸಿ ಆರ್ಸಿ ತಂದವ್ರೆ ಅಂತ ನೀನೇ ಫೋನಲ್ಲಿ ಹೇಳಿದ್ದೆ. ನಾನು ಚಿಮಟದಲ್ಲಿ ತೆಕ್ಕೊಂಡು ಬಂದ್ಬಿಟ್ರೆ ಅವ್ರ ಮರ್ವಾದೆ ಏನಾಗ್ಬೇಕು?" ಎಂದು, ಬಾಯಲ್ಲಿ ಉಳಿದಿದ್ದ ಕಡ್ಲೆಪುರಿ ಅಗಿಯುತ್ತಾ, ಕುಂಬಳಕಾಯಿ ಒಡೆಯಲು ಹೊರಟರು.

ಹೊರಗಿನ ಹಿಡಿ ಇನ್ನೂ ಅಲುಗಾಡುತ್ತಲೇ ಇದೆ. ಆ ಆಳಕ್ಕೆ ಚಿಮಟ ಮುಟ್ಟುವುದಿಲ್ಲ. ಉದ್ದನೆಯ ಮೈನಸ್ ಬಿಟ್ ಬೇಕು. ಅದರಲ್ಲಿ ತುದಿಯ ಅಗಲವೂ ನೋಡಬೇಕಾಗುತ್ತದೆ, ಆತುರಪಡುವ ವಿಷಯವಲ್ಲ, ಆರಿಸುತ್ತಿದ್ದೇನೆ. ಮಾವ ಈಗಲೂ ಬಂದು ಹೋಗಿ ಮಾಡುತ್ತಾರೆ. ಹಿಡಿ ಏನಾಯಿತೆಂದು ಒಮ್ಮೆಯೂ ಕೇಳಿಲ್ಲ. ಬಚ್ಚಲಿಗೆ ಹೋಗುವ ಮುಂಚೆ ಮಾತ್ರ, ನಾನು ನೋಡುತ್ತಿಲ್ಲ ಎಂದುಕೊಂಡು, ಸೊಂಟವನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.