ಫಿಜಿಕಲ್ ಅಲ್ಲ, ಫಿಸಿಕ್ಸ್

ಎಂ.ಎಸ್ಸಿ. ಸೇರಿದ ಮೇಲೆ ನಾನು ಅತಿ ಹೆಚ್ಚು ಸಲ ಆಡಿದ ಮಾತು 'ಅದಲ್ಲ'. ಜನ ಏನೋ ತಿಳಿಯುತ್ತಾರೆ, ನಾನು 'ಅದಲ್ಲ' ಅನ್ನುತ್ತೇನೆ. 'ಮತ್ತೇನು?' ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಈ ಪ್ರಸಂಗಗಳು ಇರುತ್ತಿರಲಿಲ್ಲ.

೧. ಕುಷ್ಟಗಿ ಬಸ್ಸು

ಪಕ್ಕದಲ್ಲಿ ಕೂತ ಮುದುಕಿ ಕೇಳಿದಳು, "ಏನ್ ಓದೀಯವಾ?"

"ಫಿಸಿಕ್ಸ್, ಯಮ್ಮಾ."

"ಛಲೋ ಆತು. ನಮ್ಮೂರ ಸಾಲ್ಯಾಗೂ ಒಬ್ಬಾವ ಫಿಜಿಕಲ್ ಮಾಸ್ತರ ಅದಾನ. ದಿನಾ ಸೀಟಿ ಊದತಾನ."

"ಅದಲ್ಲ ಯಮ್ಮಾ. ನಾವು ಬೆಳಕು, ಶಾಖ, ಕರೆಂಟು ಓದೂದು."

ಕರೆಂಟು ಅಂದದ್ದೇ ತಪ್ಪಾಯಿತು. ಮುದುಕಿ ನನ್ನ ಚೀಲ ಹಿಡಿದುಕೊಂಡಳು.

"ತಾವರಗೇರಾದಾಗ ಇಳಿ ಮತ್ತ. ನಮ್ಮ ಮನಿ ಫ್ಯಾನು ತಿರುಗವಲ್ದು."

೨. ಕತ್ತಲೆ ಕೋಣೆ

ವಿಶ್ವವಿದ್ಯಾಲಯದ ಲ್ಯಾಬಿನ ಮಾತು. ಸೋಡಿಯಂ ದೀಪದ ಹಳದಿ ಬೆಳಕನ್ನು ಉಪಕರಣದಲ್ಲಿ ಒಡೆದು ನೋಡಿದರೆ ಒಂದಲ್ಲ, ಎರಡು ಗೆರೆ ಕಾಣಬೇಕು. ಒಂದಕ್ಕೊಂದು ಅಂಟಿದಂತಿರುತ್ತವೆ. ಮೂರು ದಿನ ನನಗೆ ಒಂದೇ ಕಂಡಿತು. ನಾಲ್ಕನೆಯ ದಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಬೇರೆಯಾದವು. ಕೂಗಿಬಿಟ್ಟೆ.

ಹೊರಗಿದ್ದ ಅಟೆಂಡರ್ ಬಾಗಿಲು ಬಡಿದ. "ಏನಾತ್ರಿ ಮೇಡಂ?"

"ಎರಡು ಅದಾವ್ರೀ! ಸಣ್ಣವು, ಹಳದೀವು!"

ಆತ ಬಡಿಗೆ ಹಿಡಿದೇ ಒಳಗೆ ಬಂದ. "ಕಾಲು ಮ್ಯಾಲೆ ತಗೋರ್ರಿ!"

'ಅದಲ್ಲ' ಎಂದು ಗೆರೆಗಳನ್ನು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ನಾಕ ದಿನ ಇವಕ್ಕ ಕುಂತಿದ್ರೇನ್ರಿ? ಹಾವಾಗಿದ್ರ ನನಗಾರ ಕೆಲಸ ಇರ್ತಿತ್ತು."

ಆ ಗೆರೆಗಳನ್ನು ನೋಡಿ ಮೂರು ವರ್ಷವಾಯಿತು. ಹಿಟ್ನಾಳದ ಹತ್ತಿರ ಹೆದ್ದಾರಿಯಲ್ಲಿ ಹಳದಿ ದೀಪ ಕಂಡರೆ ಈಗಲೂ ತಲೆ ಎತ್ತುತ್ತೇನೆ. ಬರಿಗಣ್ಣಿಗೆ ಅವು ಬೇರೆಯಾಗುವುದಿಲ್ಲ.

೩. ಗೆಳತಿಯ ಯಂತ್ರ

ನಮ್ಮ ತರಗತಿಯಲ್ಲಿ ಈಗಲೂ ಬೆಳಕಿನ ಜೊತೆ ಕೆಲಸ ಮಾಡುವವಳು ಒಬ್ಬಳೇ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಯಂತ್ರ ನೋಡಿಕೊಳ್ಳುತ್ತಾಳೆ. ಕರಿ ಕಾಳು ಕ್ಯಾಮೆರಾಕ್ಕೆ ಕಂಡ ಕೂಡಲೇ ಗಾಳಿ ಅದನ್ನು ಹೊರಗೆ ಊದುತ್ತದೆ. ನಾನು ಅದನ್ನು ನೋಡಲು ಹೋದದ್ದು ನನ್ನ ಪಿಎಚ್.ಡಿ. ಅರ್ಜಿ ಎರಡನೆಯ ಸಲ ತಿರಸ್ಕಾರವಾದ ವಾರ. ಹಾರುವ ಕಾಳುಗಳನ್ನೇ ನೋಡುತ್ತ ನಿಂತಿದ್ದೆ.

"ಹೊರಗ ಬಿದ್ದ ಕಾಳು ಏನ್ ಮಾಡ್ತೀರಿ?"

"ಕೋಳಿ ಫಾರಂಗೆ ಹೋಗ್ತಾವು," ಅಂದಳು. "ಅಲ್ಲೂ ಅರ್ಜಿ ಹಾಕ್ತೀಯೇನು?"

೪. ಮೂರು ಎಕರೆ ಲ್ಯಾಬು

ಯಲಬುರ್ಗಾ ಕಡೆಯ ಒಂದು ಹೈಸ್ಕೂಲಿನ ಹೆಡ್‌ಮಾಸ್ತರು ಅತಿಥಿ ಶಿಕ್ಷಕಿ ಕೆಲಸಕ್ಕೆ ಫೋನ್ ಮಾಡಿದರು. ದನಿ ಕಡಿದು ಕಡಿದು ಬರುತ್ತಿತ್ತು. "ಫಿಜಿಕಲ್ ಅಲ್ಲೇನ್ರಿ?" ಅಂದರಂತೆ. ನನಗೆ 'ಫಿಸಿಕ್ಸ್' ಎಂದು ಕೇಳಿಸಿತು. "ಹೌದ್ರೀ ಸರ" ಅಂದೆ. ಅದೊಂದು ಸಲ 'ಅದಲ್ಲ' ಅನ್ನಬೇಕಿತ್ತು.

ಮೊದಲ ದಿನ ಬೀರುವಿನ ಕೀಲಿ ಕೊಟ್ಟರು. ಒಳಗೆ ಎರಡು ಚೆಂಡು, ಒಂದು ಹಗ್ಗ, ಒಂದು ಸೀಟಿ.

"ಲ್ಯಾಬ್ ಎಲ್ಲೈತ್ರಿ ಸರ?"

ಕಿಟಕಿಯಾಚೆ ಮೈದಾನ ತೋರಿಸಿದರು. "ಅಲ್ಲೈತಲ್ರಿ, ಮೂರು ಎಕರೆ."

ಹತ್ತನೇ ತರಗತಿಗೆ ಒಂದಾದರೂ ವಿಜ್ಞಾನದ ಪಾಠ ಮಾಡಲು ಬಿಡಿ ಎಂದು, ಸೀಟಿ ಊದಿ ಡ್ರಿಲ್ ಮಾಡಿಸುತ್ತಲೇ ತಿಂಗಳಿಡೀ ಬೇಡಿದೆ. ಕೊನೆಗೆ ಒಪ್ಪಿದರು. "ಒಂದ ಪೀರಿಯಡ್ ಕೊಡ್ತೀನ್ರಿ. ಹುಡುಗರಿಗೆ ತಿಳೀತಂದ್ರ ವಾರಕ್ಕ ಎರಡು. ಸಾಮಾನು ಮಾತ್ರ ಕೇಳಬ್ಯಾಡ್ರಿ."

ಸೀಟಿ ಇತ್ತು. ಅವರ ಬೈಕ್ ಇತ್ತು. ನಮ್ಮತ್ತ ಬರುವ ಸದ್ದು ಕೀರಲು, ದೂರ ಹೋಗುವ ಸದ್ದು ದಪ್ಪ. ಅದನ್ನು ತೋರಿಸುವುದೆಂದು ತೀರ್ಮಾನಿಸಿದೆ. ಬೈಕ್ ಇನ್ನೊಬ್ಬರ ಕೈಗೆ ಕೊಡಲಾರದೆ ಹೆಡ್‌ಮಾಸ್ತರೇ ಬಾಯಲ್ಲಿ ಸೀಟಿ ಕಚ್ಚಿ, ಊದುತ್ತ, ಮೈದಾನದಲ್ಲಿ ಜೋರಾಗಿ ಹಾದುಹೋದರು.

ಸೀಟಿ ಕೇಳಿದ್ದೇ ತಡ, ಇಡೀ ಶಾಲೆ ಹೊರಗೆ ಬಂದು ಸಾಲಾಗಿ ನಿಂತಿತು. ಒಂದು ಕೈ ಅಂತರ, ಎದೆ ಮುಂದೆ.

ಹೆಡ್‌ಮಾಸ್ತರು ಬೈಕ್ ತಿರುಗಿಸಿ ಬಂದು ಬೆರಗಾದರು. "ಎಂಥಾ ಶಿಸ್ತು ಕಲಿಸೀರಿ ಮೇಡಂ! ನಿಮಗ ಫಿಜಿಕಲ್ಲೇ ಸರಿ ನೋಡ್ರಿ."

ಎರಡು ಪೀರಿಯಡ್ಡೂ ಹೋದವು ಅಂದುಕೊಂಡೆ.

ಹತ್ತನೇ ತರಗತಿಯ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ಟೀಚರ್, ಸರ್ರು ಬರೂಮುಂದ ಸೀಟಿ ಕೀರಲಿತ್ರಿ. ದಾಟಿ ಹೋದಕೂಡ್ಲೆ ದಪ್ಪ ಆತು. ಯಾಕ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರು ಉತ್ತರ ಕೊಟ್ಟರು. "ವಯಸ್ಸಾತವಾ. ಉಸಿರು ಸಾಲಂಗಿಲ್ಲ."

"ಅದಲ್ರೀ ಸರ," ಅಂದೆ.

ಅವರು ಬೈಕ್ ಬಂದ್ ಮಾಡಿದರು. ಬಾಯಿಂದ ಸೀಟಿ ತೆಗೆದು ಅಂಗಿಗೆ ಒರೆಸಿಕೊಂಡರು.

"ಮತ್ತೇನ್ರಿ?"