ಡಿಗೆ ಹಾಕಿದರೆ ಹಿಂದೆ ಹೋದ ಕಾರು

ಬರೆದದ್ದನ್ನೆಲ್ಲ ನಂಬುವ ರೋಗ ನನಗಿದೆ. ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿ ಕೂತರೆ ಯಾರಿಗಾದರೂ ಅಂಟುವಂಥದ್ದೇ. ಕಾಗದದಲ್ಲಿ ಒಬ್ಬ ಸತ್ತಿದ್ದಾನೆ ಎಂದಿದ್ದರೆ, ಅವನೇ ಬಂದು ಎದುರು ಕೂತರೂ ಬದುಕಿರುವುದಕ್ಕೆ ದಾಖಲೆ ಕೇಳುವ ಜನ ನಾವು. ಹೀಗಾಗಿ ನಮ್ಮ ಕಾರಿನ ಗೇರಿನ ಪಕ್ಕದಲ್ಲಿ ಪಿ, ಆರ್, ಎನ್, ಡಿ ಎಂದು ಬರೆದಿದ್ದನ್ನು ನಾನು ಯಾವತ್ತೂ ಸಂಶಯಿಸಿದವನಲ್ಲ. ಪಿ ಅಂದರೆ ನಿಲ್ಲಿಸಿಡುವುದು, ಆರ್ ಅಂದರೆ ಹಿಂದೆ, ಎನ್ ಅಂದರೆ ಎಲ್ಲಿಗೂ ಇಲ್ಲ, ಡಿ ಅಂದರೆ ಮುಂದೆ. ಹದಿನಾಲ್ಕು ವರ್ಷದ ಹಳೆಯ ಆಟೊಮ್ಯಾಟಿಕ್ ಕಾರು. ಈಚೆಗೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು, ನನ್ನ ಹೆಂಡತಿ ವಸುಧೆಗಾಗಿ. ಎಡ ಮೊಣಕಾಲಿನ ಆಪರೇಷನ್ ಆದ ಮೇಲೆ ಇನ್ನು ಕ್ಲಚ್ ತುಳಿಯುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ದುರ್ಗಾಪೂಜೆಯ ರಜೆ ಮುಗಿದು ಶಾಲೆ ತೆರೆಯುವ ದಿನ ಕೋಲ್ಕತ್ತದ ಡಮ್ ಡಮ್‌ನಿಂದ ಸಾಲ್ಟ್ ಲೇಕಿಗೆ ತಾನೇ ಓಡಿಸಿಕೊಂಡು ಹೋಗಿ ಪಾಠ ಮಾಡಬೇಕೆಂದು ಅವಳು ನಾಲ್ಕು ತಿಂಗಳಿಂದ ಕಾಯುತ್ತಿದ್ದಳು.

ನಾವು ಕುಂದಾಪುರದ ಕಡೆಯವರು. ಕೋಲ್ಕತ್ತಕ್ಕೆ ಬಂದು ಎಷ್ಟು ವರ್ಷವಾದರೂ ನವಮಿಯ ದಿನ ವಾಹನ ತೊಳೆದು, ಹೂವು ಹಾಕಿ, ನಾಲ್ಕೂ ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣಿಟ್ಟು ಅದರ ಮೇಲೆ ಹತ್ತಿಸದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಈ ಸಲ ಮಗಳು ಅವಸರದಲ್ಲಿ ತಂದದ್ದು ಗಂಧರಾಜ ನಿಂಬೆ. ಅದರ ಪರಿಮಳಕ್ಕೆ ಬಂಗಾಳಿಗಳು ಪ್ರಾಣ ಬಿಡುತ್ತಾರೆ. ಕೆಳಮನೆಯ ಘೋಷಾಲ್‌ಬಾಬು ಓಡಿ ಬಂದು, "ಬೇಳೆಗೆ ಹಿಂಡಿಕೊಳ್ಳುವ ಹಣ್ಣನ್ನು ಟೈರಿಗೆ ತಿನ್ನಿಸ್ತೀರಾ?" ಎಂದು ಹಿಂದಿಯಲ್ಲಿ ಸಂಕಟಪಟ್ಟರು. ನಾನು ನಕ್ಕು, ದೇವರನ್ನು ನೆನೆದು, ಡಿಗೆ ಹಾಕಿ ಬ್ರೇಕು ಬಿಟ್ಟೆ. ಹಿಂದೆ ನಿಂತಿದ್ದ ಮಗಳು, "ಪಪ್ಪಾ, ರಿವರ್ಸ್! ರಿವರ್ಸ್ ಲೈಟ್ ಬಂತು!" ಎಂದು ಕೂಗಿ ಪಕ್ಕಕ್ಕೆ ಹಾರಿದಳು. ನಾನು ಗೇರಿನ ಕಡೆ ನೋಡಿದೆ. ಡಿ ಎಂದೇ ಇತ್ತು. ಡಿ ಎಂದಿರುವಾಗ ಹಿಂದೆ ಹೇಗೆ ಹೋಗುತ್ತದೆ ಎಂದು ನಾನು ಯೋಚಿಸಿ ಮುಗಿಸುವಷ್ಟರಲ್ಲಿ ಕಾರು ಘೋಷಾಲ್‌ಬಾಬುಗಳ ಚೆಂಡುಹೂವಿನ ಕುಂಡವನ್ನು ಒಡೆದು ನಿಂತಿತು. ನಿಂಬೆಹಣ್ಣುಗಳು ನಾಲ್ಕೂ ಕ್ಷೇಮ. ಅವನ್ನು ಘೋಷಾಲ್‌ಬಾಬು ಕುಂಡದ ಪರಿಹಾರವಾಗಿ ಒಳಗೆ ತೆಗೆದುಕೊಂಡು ಹೋದರು.

ಪೂಜೆಯ ಹೊತ್ತಿನಲ್ಲಿ ಈ ಊರಿನಲ್ಲಿ ದೇವಿ ಸಿಗುತ್ತಾಳೆ, ಮೆಕ್ಯಾನಿಕ್ ಸಿಗುವುದಿಲ್ಲ. ನಮ್ಮ ಮೆಕ್ಯಾನಿಕ್ ಶಂಭುದಾ ಹುಣ್ಣಿಮೆಯ ಲಕ್ಷ್ಮೀಪೂಜೆ ಮುಗಿಸಿಯೇ ಹಳ್ಳಿಯಿಂದ ಬರುವುದಾಗಿ ಫೋನಿನಲ್ಲಿ ಹೇಳಿದ. ಸರಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟು ನಾನೇ ಬಾನೆಟ್ ಎತ್ತಿದೆ. ಮಗಳು ಒಳಗೆ ಕೂತು ಗೇರು ಆಡಿಸಿದಳು. ಆಗ ಗೊತ್ತಾಯಿತು: ಒಳಗಿನ ಹಿಡಿಯಿಂದ ಒಂದು ಕೇಬಲ್ ಬಂದು ಗೇರುಪೆಟ್ಟಿಗೆಯ ಸಣ್ಣ ತೋಳಿಗೆ ಸೇರುತ್ತದೆ, ಸೇರುವ ಜಾಗದಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಬುಷ್ ಇರಬೇಕು. ಅದು ಸವೆದು ಪುಡಿಯಾಗಿತ್ತು. ಹಿಡಿ ಪಿಯಿಂದ ಡಿಗೆ ಮೂರು ಮನೆ ದಾಟಿದರೆ ಪೆಟ್ಟಿಗೆ ಒಂದೇ ಮನೆ ದಾಟಿ ಆರ್‌ನಲ್ಲಿ ನಿಲ್ಲುತ್ತಿತ್ತು. ಹಳೆಯ ಗ್ಯಾಸ್ ಪೈಪಿನ ಒಂದು ತುಂಡು ಕತ್ತರಿಸಿ ತೂರಿಸಿ, ತಂತಿ ಬಿಗಿದೆ. ಡಿಗೆ ಹಾಕಿದರೆ ಮುಂದೆ ಹೋಯಿತು. ಆ ದಿನ ನನ್ನ ನಡಿಗೆಯೇ ಬೇರೆಯಾಗಿತ್ತು.

"ಹಾಗಾದ್ರೆ ನಾನೊಂದು ಸುತ್ತು ಹೋಗಿ ಬರ್ಲಾ?" ಎಂದಳು ವಸುಧೆ. "ಗ್ಯಾಸ್ ಪೈಪನ್ನು ನಂಬುದಾ? ಶಂಭುದಾ ಬರ್ಲಿ," ಎಂದೆ. ಶಂಭುದಾ ಬಂದ. ನನ್ನ ತಂತಿಯನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೊಸ ಬುಷ್ ಕೂರಿಸಿದ, ಹಿಡಿಯನ್ನೂ ಪೆಟ್ಟಿಗೆಯನ್ನೂ ಎನ್‌ನಲ್ಲಿ ನಿಲ್ಲಿಸಿ ಹೊಂದಿಸಿ ನಟ್ಟು ಬಿಗಿದ. ಅರ್ಧ ಗಂಟೆಯ ಕೆಲಸ. "ಇನ್ನು ಹತ್ತು ವರ್ಷ ಮುಟ್ಟಬೇಡಿ," ಎಂದು ಟೀ ಕುಡಿದು ಹೋದ. ವಸುಧೆ ಕೀಲಿಗೆ ಕೈ ಚಾಚಿದಳು. "ಎರಡು ದಿವಸ ನಾನು ಓಡಿಸಿ ನೋಡ್ತೆ," ಎಂದೆ. ಎರಡು ದಿನ ನಾಲ್ಕಾಯಿತು. ಐದನೆಯ ದಿನ, ಟ್ರಾಫಿಕ್ ಸ್ವಲ್ಪ ಕಡಿಮೆಯಾಗಲಿ ಎಂದೆ. ಕೋಲ್ಕತ್ತದಲ್ಲಿ!

ಶಾಲೆ ತೆರೆಯುವ ದಿನ ಬೆಳಿಗ್ಗೆ ಅವಳು ಮೊಳೆಯಿಂದ ಕೀಲಿ ತೆಗೆದುಕೊಂಡು ನಿಂತಳು. "ಮಾರಾಯ್ರೆ, ಕಾರು ಸರಿಯಾಗಿ ಒಂದು ವಾರ ಆಯ್ತು. ನನ್ನ ಕಾಲು ಸರಿಯಾಗಿ ಒಂದು ತಿಂಗ್ಳು ಆಯ್ತು. ಇನ್ನು ಯಾವ್ದು ಸರಿ ಆಗ್ಬೇಕು ಹೇಳಿ," ಎಂದಳು. ನನಗೆ ಉತ್ತರ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಆಪರೇಷನ್ ಥಿಯೇಟರಿನ ಹೊರಗೆ ಕೂತಾಗ ಹುಟ್ಟಿದ ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ. ಗೇರು ಕೆಟ್ಟಾಗ ನಿಜವಾಗಿ ನನಗೆ ಸಮಾಧಾನವೇ ಆಗಿತ್ತು. "ಜೊತೆಗೆ ಬರ್ಲಾ?" ಎಂದೆ. "ಬೇಡ, ನಿಮ್ಗೆ ಬ್ಯಾಂಕುಂಟು," ಎಂದಳು. ಡಿಗೆ ಹಾಕಿದಳು. ಕಾರು ಮುಂದೆ ಹೋಯಿತು, ತಿರುವಿನಲ್ಲಿ ದೀಪ ಹಾಕಿ ಮರೆಯಾಯಿತು.

ಗಾಡಿ ಓಡಿಸುವಾಗ ಫೋನ್ ಎತ್ತಬಾರದು ಎಂದು ಅವಳಿಗೆ ಕಲಿಸಿದವನು ನಾನೇ. ಆದರೂ ಆರು ಸಲ ಫೋನ್ ಮಾಡಿದೆ. ಅವಳು ಆರು ಸಲವೂ ಎತ್ತಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಶಾಲೆಯಿಂದ ಅವಳೇ ಮಾಡಿದಳು. "ಎಂತ ಆಯ್ತು ನಿಮ್ಗೆ? ಆರು ಸಲ ಫೋನ್ ಮಾಡಿದ್ರಿ?"

"ಎಂತ ಇಲ್ಲ," ಎಂದೆ. "ಗೇರು ಹೇಗುಂಟು ಅಂತ ಕೇಳುವ ಅಂತ."